‘ಉಜುಮಾಕಿ’ ಎಡವಿದ್ದು ಎರಡನೇ ಕಂತಿನಲ್ಲಲ್ಲ

2024ರ ಸೆಪ್ಟೆಂಬರ್ 28ರಂದು ಅಮೆರಿಕದ ಅಡಲ್ಟ್ ಸ್ವಿಮ್ ವಾಹಿನಿಯಲ್ಲಿ ‘ಉಜುಮಾಕಿ’ ಅನ್ನೋ ಅನಿಮೇಷನ್ ಸರಣಿಯ ಮೊದಲ ಕಂತು ಬಂತು. ಅದರ ಮೂಲ ಪುಸ್ತಕ ಬರೆದ, ಭಯದ ಚಿತ್ರಕಥೆಗಳ ಜಪಾನಿ ಕಲಾವಿದ ಜುಂಜಿ ಇಟೊ ಅವರ ಓದುಗರು ಇದಕ್ಕಾಗಿ ಐದು ವರ್ಷ ಕಾದಿದ್ದರು. ಕಾದದ್ದು ಸಾರ್ಥಕ ಅನ್ನಿಸಿತು. ಪುಸ್ತಕದಲ್ಲಿ ಕಂಡ ಅದೇ ಸಣ್ಣ ಸಣ್ಣ ಕಪ್ಪು ಗೆರೆ, ಅದೇ ಬೆದರಿದ ಕಣ್ಣು, ಅದೇ ಸುತ್ತಿಕೊಂಡ ಹೊಗೆ ಪರದೆಯ ಮೇಲೆ ಅಲುಗಾಡುತ್ತಿದ್ದವು. ಮುಂದಿನ ವಾರ ಎರಡನೇ ಕಂತು ಬಂತು. ಊರು ಅದೇ, ಹುಡುಗಿ ಅದೇ. ಆದರೆ ಜನರ ನಡಿಗೆ ಮರಗಟ್ಟಿತ್ತು. ಮುಖಗಳು ಒಂದು ದೃಶ್ಯದಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದವು. ಎರಡೂ ಕಂತುಗಳ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟ ತುಣುಕುಗಳು ಎಲ್ಲೆಡೆ ಹರಿದಾಡಿದವು. ಅಂದಿನಿಂದ ಈ ಸರಣಿಯ ಮಾತು ಬಂದರೆ ಸಾಕು, ತೀರ್ಪು ಸಿದ್ಧ ಇರುತ್ತದೆ: ಮೊದಲನೆಯದು ಅದ್ಭುತ, ಎರಡನೆಯದರಿಂದ ಹಾಳಾಯಿತು.

ಇದರಲ್ಲಿ ಅರ್ಧ ನಿಜ. ಚಿತ್ರದ ಮಟ್ಟ ಇಳಿದದ್ದು ಎರಡನೇ ಕಂತಿನಲ್ಲೇ. ಆದರೆ ಕಥೆ ಕೈತಪ್ಪಿದ್ದು ಅದಕ್ಕಿಂತ ಮೊದಲು. ನನ್ನ ಪ್ರಕಾರ ಎಲ್ಲರೂ ಮೆಚ್ಚಿದ ಆ ಮೊದಲ ಕಂತಿನಲ್ಲೇ ತಪ್ಪು ಇತ್ತು. ಚಿತ್ರ ಅಷ್ಟು ಚೆನ್ನಾಗಿದ್ದರಿಂದ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. (ಮುಂದೆ ಕಥೆಯ ಕೊನೆಯವರೆಗಿನ ಸಂಗತಿಗಳು ಬರುತ್ತವೆ. ಪುಸ್ತಕ ಓದಬೇಕು ಅಂದುಕೊಂಡವರು ಮೊದಲು ಅದನ್ನೇ ಓದಿ ಬರುವುದು ಒಳ್ಳೆಯದು.)

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ‘ಉಜುಮಾಕಿ’ 1998ರಿಂದ 1999ರವರೆಗೆ ಜಪಾನಿನ ‘ಬಿಗ್ ಕಾಮಿಕ್ ಸ್ಪಿರಿಟ್ಸ್’ ಪತ್ರಿಕೆಯಲ್ಲಿ ಬಂದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಆಮೇಲೆ ಮೂರು ಸಂಪುಟಗಳಾಯಿತು. ಈಗ ಒಂದೇ ದಪ್ಪ ಪುಸ್ತಕವಾಗಿಯೂ ಸಿಗುತ್ತದೆ, 600ಕ್ಕೂ ಜಾಸ್ತಿ ಪುಟ. ಕುರೊಉಜು ಅನ್ನೋ ಕಡಲತೀರದ ಪುಟ್ಟ ಊರು. ಅಲ್ಲಿನ ಶಾಲಾ ಹುಡುಗಿ ಕಿರಿಯೆ. ಅವಳ ಗೆಳೆಯ ಶುಇಚಿ. ಆ ಊರಿಗೆ ಒಂದು ಶಾಪ ತಗುಲಿದೆ. ಅದಕ್ಕೆ ದೆವ್ವ ಭೂತದ ರೂಪವಿಲ್ಲ. ಅದೊಂದು ಆಕಾರ, ಸುರುಳಿ. ಹೊಳೆಯ ಸುಳಿ, ಬಸವನಹುಳುವಿನ ಚಿಪ್ಪು, ಕೂದಲು, ಹೊಗೆ, ಕಿವಿಯ ಒಳಭಾಗ, ಹೀಗೆ ಎಲ್ಲೆಲ್ಲೂ ಅದು ಇಣುಕುತ್ತದೆ. ಜನ ಅದಕ್ಕೆ ಮರುಳಾಗುತ್ತಾರೆ, ಹೆದರುತ್ತಾರೆ, ಕೊನೆಗೆ ಅವರೇ ಸುರುಳಿಯಾಗುತ್ತಾರೆ.

ಇದನ್ನು ಟಿವಿಗೆ ತರುವ ಘೋಷಣೆ ಆದದ್ದು 2019ರಲ್ಲಿ. ಅನಿಮೇಷನ್ ಸಂಸ್ಥೆ ಪ್ರೊಡಕ್ಷನ್ ಐ.ಜಿ. ಯುಎಸ್‌ಎ ಮತ್ತು ಅಡಲ್ಟ್ ಸ್ವಿಮ್ ಜೊತೆಯಾಗಿದ್ದವು. ನಿರ್ದೇಶಕ ಹಿರೋಶಿ ನಾಗಾಹಾಮಾ. ಸಂಗೀತ ಕಾಲಿನ್ ಸ್ಟೆಟ್ಸನ್ ಅವರದು. ಬಣ್ಣ ಇಲ್ಲ, ಪೂರ್ತಿ ಕಪ್ಪು ಬಿಳುಪು. ಮತ್ತೆ ನಾಲ್ಕೇ ಕಂತು. 2020ರಲ್ಲಿ ಬರುತ್ತದೆ ಅಂದರು. ಬರಲಿಲ್ಲ. 2021 ಅಂದರು, ಆಮೇಲೆ 2022 ಅಂದರು, ಹಾಗೇ ಮುಂದಕ್ಕೆ ಹೋಗುತ್ತಾ ಹೋಯಿತು. ಪ್ರತಿ ಸಲವೂ ಓದುಗರು, ಪರವಾಗಿಲ್ಲ, ನಿಧಾನವಾಗಿ ಮಾಡಲಿ, ಚೆನ್ನಾಗಿ ಮಾಡಲಿ ಅಂತಲೇ ಹೇಳಿದರು.

ಅಷ್ಟು ತಾಳ್ಮೆಗೆ ಕಾರಣ ಇತ್ತು. ಇಟೊ ಅವರ ಕಥೆಗಳಿಗೆ ಅನಿಮೇಷನ್‌ನಲ್ಲಿ ಒಳ್ಳೆಯ ದಿನ ಬಂದೇ ಇರಲಿಲ್ಲ. 2018ರ ‘ಜುಂಜಿ ಇಟೊ ಕಲೆಕ್ಷನ್’ ಅವರ ಸಣ್ಣ ಕಥೆಗಳನ್ನು ಬಣ್ಣದಲ್ಲಿ ತಂದಿತು. ಗೆರೆಗಳ ಸಾಂದ್ರತೆ ಹೋಯಿತು, ಅದರ ಜೊತೆ ಭಯವೂ ಹೋಯಿತು. 2023ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಮ್ಯಾನಿಯಾಕ್’ ಕೂಡ ಅದನ್ನು ಮಾಡಿದ ಸ್ಟುಡಿಯೋ ಡೀನ್ ಕೈಯಿಂದಲೇ ಬಂದದ್ದು. ಅದರ ಗತಿಯೂ ಹೆಚ್ಚು ಕಡಿಮೆ ಅದೇ. ಹಾಗಾಗಿ ‘ಉಜುಮಾಕಿ’ಯ ಮೊದಲ ಝಲಕು ಕಂಡಾಗ ಓದುಗರ ಗಮನವೆಲ್ಲ ಗೆರೆಗಳ ಮೇಲೆ ಹೋಯಿತು. ನಾಲ್ಕು ಅನ್ನೋ ಸಂಖ್ಯೆಯ ಬಗ್ಗೆ ಯಾರೂ ಜಾಸ್ತಿ ಯೋಚಿಸಲಿಲ್ಲ.

ಆ ಸಂಖ್ಯೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಪುಸ್ತಕದಲ್ಲಿ ಹತ್ತಿರ ಹತ್ತಿರ 20 ಅಧ್ಯಾಯ ಇವೆ. ಒಂದೊಂದೂ ಸುಮಾರು 30 ಪುಟ. ನಾಲ್ಕು ಕಂತು ಸೇರಿದರೆ ಒಂದೂವರೆ ಗಂಟೆಯ ಆಸುಪಾಸು. ಅಂದರೆ ಒಂದು ಅಧ್ಯಾಯಕ್ಕೆ ನಾಲ್ಕೂವರೆ ನಿಮಿಷ. ಚಿತ್ರ ಬರೆಯುವವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ, ಈ ನಾಲ್ಕೂವರೆ ನಿಮಿಷ ಹಿಗ್ಗುವುದಿಲ್ಲ. ಈ ಸಂಖ್ಯೆ ನಿಗದಿಯಾದದ್ದು 2019ರಲ್ಲಿ, ಯಾವ ತೊಂದರೆಯೂ ಶುರುವಾಗುವ ಮುಂಚೆ.

ಇಷ್ಟು ಕಡಿಮೆ ಸಮಯ ಇದ್ದಾಗ ಎರಡು ದಾರಿ ಇರುತ್ತವೆ. ಕೆಲವು ಅಧ್ಯಾಯ ಆರಿಸಿಕೊಂಡು ಉಳಿದದ್ದನ್ನು ಬಿಡುವುದು. ಇಲ್ಲವೇ ಎಲ್ಲವನ್ನೂ ಒಳಗೆ ತರುವುದು. ‘ಉಜುಮಾಕಿ’ ತಂಡ ಎರಡನೆಯದನ್ನು ಆರಿಸಿತು. ಅದಕ್ಕಾಗಿ ಅಧ್ಯಾಯಗಳನ್ನು ಬಿಚ್ಚಿ ಒಂದರೊಳಗೊಂದು ಹೆಣೆದರು. ಪುಸ್ತಕದಲ್ಲಿ ಒಂದರ ನಂತರ ಒಂದು ಬರುವ ಘಟನೆಗಳು ಇಲ್ಲಿ ಒಟ್ಟಿಗೇ ನಡೆಯುತ್ತವೆ. ಶುಇಚಿಯ ತಂದೆಯ ಹುಚ್ಚು ಏರುತ್ತಿರುವಾಗಲೇ ಹಣೆಯ ಮೇಲೆ ಗಾಯದ ಗುರುತಿರುವ ಅಜಾಮಿಯ ಕಥೆ ತೆರೆದುಕೊಳ್ಳುತ್ತದೆ. ಅದರ ಮಧ್ಯೆ ಮಳೆ ಬಂದ ದಿನ ಮಾತ್ರ ಶಾಲೆಗೆ ಬರುವ ಹುಡುಗನೂ ಕಾಣಿಸಿಕೊಳ್ಳುತ್ತಾನೆ.

ಇದನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಪುಸ್ತಕದ ಮೊದಲರ್ಧ ಬಿಡಿ ಬಿಡಿ ಕಥೆಗಳ ಸರಮಾಲೆ. ಒಂದು ಅಧ್ಯಾಯದಲ್ಲಿ ಸಹಪಾಠಿಯೊಬ್ಬಳು ಭಯಾನಕವಾಗಿ ಸಾಯುತ್ತಾಳೆ, ಮುಂದಿನ ಅಧ್ಯಾಯದಲ್ಲಿ ಕಿರಿಯೆ ಏನೂ ಆಗದವಳಂತೆ ಶಾಲೆಗೆ ಹೋಗುತ್ತಾಳೆ. ಇದು ಕೆಲವರಿಗೆ ಕಿರಿಕಿರಿ ಮಾಡುತ್ತದೆ. ಎಲ್ಲವನ್ನೂ ಹೆಣೆದರೆ ಇಡೀ ಊರಿಗೆ ಒಂದೇ ಶಾಪ ತಗುಲಿದೆ ಅನ್ನೋದು ಬೇಗ ತಿಳಿಯುತ್ತದೆ, ಕಥೆ ಬಿಗಿಯಾಗುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಯೋಚನೆಯೇ.

ಪರದೆಯ ಮೇಲೆ ಆದದ್ದು ಬೇರೆ. ಪುಸ್ತಕದಲ್ಲಿ ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವ ನಡುವೆ ದಿನಗಳಿವೆ. ವಾರಗಳೂ ಇರಬಹುದು. ಆ ದಿನಗಳನ್ನು ಇಟೊ ಬರೆದಿಲ್ಲ, ಆದರೆ ಓದುಗನ ಮನಸ್ಸು ಅವನ್ನು ತುಂಬಿಕೊಳ್ಳುತ್ತದೆ. ಶವಸಂಸ್ಕಾರ ಆಯಿತು, ಅತ್ತರು, ಮರೆತರು, ಅಂಗಡಿ ತೆರೆದರು, ಶಾಲೆ ನಡೆಯಿತು. ಊರು ಮತ್ತೆ ಮಾಮೂಲಿಗೆ ಬಂತು ಅಂತ ನಾವು ನಂಬುತ್ತೇವೆ. ಊರಿನವರೂ ನಂಬುತ್ತಾರೆ. ಅದಕ್ಕೇ ಅವರು ಊರು ಬಿಡುವುದಿಲ್ಲ. ‘ಇಲ್ಲಿಂದ ಹೋಗೋಣ’ ಅಂತ ಶುಇಚಿ ಗೋಗರೆದಾಗಲೂ ಕಿರಿಯೆ ಹಿಂಜರಿಯುವುದು ಅದಕ್ಕೇ. ಈ ಮಾಮೂಲಿತನವೇ ಅವರನ್ನು ಕಟ್ಟಿಹಾಕುವ ಬಲೆ.

ಸರಣಿಯಲ್ಲಿ ಆ ನಡುವಿನ ದಿನಗಳೇ ಕಾಣೆಯಾಗಿವೆ. ಬೆಳಿಗ್ಗೆ ಒಬ್ಬರ ಕಣ್ಣು ತಿರುಗುತ್ತದೆ, ಮಧ್ಯಾಹ್ನ ಇನ್ನೊಬ್ಬರ ಮೈ ತಿರುಚುತ್ತದೆ, ಸಂಜೆ ಹೊಗೆ ಸುರುಳಿ ಸುತ್ತುತ್ತದೆ. ಹೀಗಾದಾಗ ನೋಡುವವನ ತಲೆಯಲ್ಲಿ ಒಂದೇ ಪ್ರಶ್ನೆ: ಇವರು ಇನ್ನೂ ಯಾಕೆ ಇಲ್ಲಿದ್ದಾರೆ? ಪುಸ್ತಕ ಓದುವಾಗ ಈ ಪ್ರಶ್ನೆ ತಡವಾಗಿ ಬರುತ್ತದೆ. ಬರುವಷ್ಟರಲ್ಲಿ ತಪ್ಪಿಸಿಕೊಳ್ಳುವ ದಾರಿ ಮುಚ್ಚಿಹೋಗಿರುತ್ತದೆ, ಅದೇ ಅದರ ಭಯ. ಇಲ್ಲಿ ಪ್ರಶ್ನೆ ಮೊದಲೇ ಬಂದು ಕೂರುತ್ತದೆ. ಕಿರಿಯೆ ನಮಗೆ ಪಾಪದವಳಾಗಿ ಕಾಣುವುದಿಲ್ಲ, ಕಣ್ಣಿಗೆ ಕಂಡದ್ದನ್ನೂ ಅರ್ಥ ಮಾಡಿಕೊಳ್ಳದವಳಾಗಿ ಕಾಣುತ್ತಾಳೆ. ಅವಳಿಗೆ ಇದು ದೊಡ್ಡ ಅನ್ಯಾಯ. ಮೂಲದಲ್ಲಿ ಅವಳು ತುಂಬಾ ಗಟ್ಟಿ ಹುಡುಗಿ. ಎಲ್ಲರನ್ನೂ ಕಾಪಾಡಲು ನೋಡುವವಳು, ಕೊನೆಯವರೆಗೂ ಮನುಷ್ಯತ್ವ ಬಿಡದವಳು.

ಬಸವನಹುಳುವಿನ ಅಧ್ಯಾಯವನ್ನೇ ಹತ್ತಿರದಿಂದ ನೋಡೋಣ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಕಟಾಯಾಮಾ ಅನ್ನೋ ಹುಡುಗ. ಮಳೆ ಬಂದರೆ ಮಾತ್ರ ಶಾಲೆಗೆ ಬರುತ್ತಾನೆ, ತಡವಾಗಿ ಬರುತ್ತಾನೆ, ಮೈಯೆಲ್ಲ ಒದ್ದೆ. ನಡೆಯುವುದು ನಿಧಾನ, ಮಾತು ನಿಧಾನ. ತ್ಸುಮುರಾ ಅನ್ನೋ ಹುಡುಗ ಅವನನ್ನು ಕಾಡುತ್ತಾನೆ. ಒಂದು ದಿನ ಬಲವಂತದಿಂದ ಬಟ್ಟೆ ಎಳೆದಾಗ ಬೆನ್ನಿನ ಮೇಲೆ ಸುರುಳಿ ಗುರುತು ಕಾಣುತ್ತದೆ. ಮುಂದಿನ ಮಳೆಯ ಹೊತ್ತಿಗೆ ಅದು ಉಬ್ಬಿದೆ. ಇನ್ನೊಂದು ಮಳೆಗೆ ಅದು ಚಿಪ್ಪು. ಕೊನೆಗೆ ಅವನು ಶಾಲೆಯ ಗೋಡೆ ಹತ್ತಿ ಅಂಟಿಕೊಂಡಿರುತ್ತಾನೆ. ಆಮೇಲೆ ಕಾಡಿಸಿದವನೂ ಹಾಗೇ ಆಗುತ್ತಾನೆ.

ಇಲ್ಲಿ ಭಯ ಎಲ್ಲಿದೆ ನೋಡಿ. ಹುಡುಗ ಹುಳುವಾದ ಅನ್ನೋದರಲ್ಲಿ ಅದು ಅಷ್ಟಾಗಿ ಇಲ್ಲ. ಅವನು ನಿಧಾನವಾಗಿ ಆದ, ಎಲ್ಲರೂ ನೋಡುತ್ತಲೇ ಇದ್ದರು, ಯಾರೂ ಏನೂ ಮಾಡಲಿಲ್ಲ. ಭಯ ಅಲ್ಲಿದೆ. ಎರಡು ಮಳೆಯ ನಡುವಿನ ಬಿಸಿಲಿನ ದಿನಗಳಲ್ಲಿ ಅವನ ಬೆಂಚು ಖಾಲಿ ಇರುತ್ತದೆ. ಆ ಖಾಲಿ ಬೆಂಚಿಗೂ ಸಮಯ ಬೇಕು. ಮತ್ತೆ ಮಳೆ ಬಂದಾಗ ನಮಗೇ ಬಾಗಿಲ ಕಡೆ ನೋಡಲು ಹೆದರಿಕೆಯಾಗಬೇಕು. ಅನಿಮೇಷನ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ಮಳೆಯ ಸದ್ದು, ಒದ್ದೆ ಹೆಜ್ಜೆಯ ಸದ್ದು, ಉದ್ದನೆಯ ಮೌನ. ಪುಟದ ಮೇಲೆ ಇಲ್ಲದ ಎಲ್ಲವೂ ಅಲ್ಲಿ ಕೈಗೆ ಸಿಗುತ್ತಿತ್ತು. ಸರಣಿ ಈ ಕಥೆಯನ್ನು ಬೇರೆ ಕಥೆಗಳ ಸಂದಿಯಲ್ಲಿ ತೂರಿಸಿತು. ಹುಡುಗ ಕಾಣುತ್ತಾನೆ, ಮರೆಯಾಗುತ್ತಾನೆ, ಮತ್ತೆ ಕಾಣುವಷ್ಟರಲ್ಲಿ ಚಿಪ್ಪು ಬಂದಿರುತ್ತದೆ. ನಿಧಾನವೇ ಜೀವಾಳವಾದ ಕಥೆಯನ್ನು ಅವಸರದಲ್ಲಿ ಹೇಳಿ ಮುಗಿಸಿದರು. ಪುಸ್ತಕದ ಕೊನೆ ಭಾಗದಲ್ಲಿ ಹಸಿದ ಊರ ಜನ ಈ ಹುಳು ಮನುಷ್ಯರನ್ನೇ ತಿನ್ನತೊಡಗುತ್ತಾರೆ. ಅದನ್ನು ಓದುವಾಗ ಹೊಟ್ಟೆ ತೊಳಸುವುದು ನಮಗೆ ಕಟಾಯಾಮಾನ ನೆನಪಿರುವುದರಿಂದ. ಅವನ ಪರಿಚಯವೇ ಸರಿಯಾಗಿ ಆಗದಿದ್ದರೆ ಅದು ಇನ್ನೊಂದು ಅಸಹ್ಯದ ದೃಶ್ಯ ಮಾತ್ರ.

ಪುಟ ಮತ್ತು ಪರದೆ ಸಮಯವನ್ನು ಹೇಗೆ ಬಳಸುತ್ತವೆ ಅನ್ನೋದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಮಸ್ಯೆಯ ಬೇರು ಅಲ್ಲಿದೆ. ಇಟೊ ಪುಟ ಮಗುಚುವ ಕ್ಷಣವನ್ನು ಬಳಸುವಷ್ಟು ಚೆನ್ನಾಗಿ ಬಳಸುವವರು ಕಡಿಮೆ. ಶುಇಚಿಯ ತಂದೆಯ ಸಾವನ್ನೇ ತೆಗೆದುಕೊಳ್ಳಿ. ಕಥೆಯ ಶುರುವಿನಲ್ಲಿ ಕಿರಿಯೆ ಅವರನ್ನು ಒಂದು ಓಣಿಯಲ್ಲಿ ನೋಡುತ್ತಾಳೆ. ಅವರು ಕುಕ್ಕರಗಾಲಲ್ಲಿ ಕೂತು ಗೋಡೆಯ ಮೇಲಿನ ಬಸವನಹುಳುವನ್ನೇ ದಿಟ್ಟಿಸುತ್ತಿರುತ್ತಾರೆ. ಅವಳು ಮಾತಾಡಿಸಿದರೂ ತಿರುಗುವುದಿಲ್ಲ. ಆಮೇಲೆ ಸುರುಳಿ ಇರುವ ವಸ್ತುಗಳನ್ನೆಲ್ಲ ಮನೆಯಲ್ಲಿ ಕೂಡಿಹಾಕುತ್ತಾರೆ. ಕಣ್ಣುಗುಡ್ಡೆಗಳನ್ನು ಬೇರೆ ಬೇರೆಯಾಗಿ ತಿರುಗಿಸುತ್ತಾರೆ. ನಾಲಿಗೆಯನ್ನು ಸುತ್ತುತ್ತಾರೆ. ಒಂದು ದುಂಡನೆಯ ಮರದ ತೊಟ್ಟಿ ತರಿಸುತ್ತಾರೆ. ಆಮೇಲೆ ಅವರ ಸಾವಿನ ಸುದ್ದಿ. ನಿಜವಾಗಿ ಏನಾಯಿತು ಅಂತ ಶುಇಚಿ ಕಿರಿಯೆಗೆ ಹೇಳತೊಡಗುತ್ತಾನೆ. ತೊಟ್ಟಿಯ ಮುಚ್ಚಳ ತೆಗೆದರು ಅಂತಾನೆ. ಮುಂದಿನ ಪುಟ ತಿರುಗಿಸಬೇಕಾದವರು ನಾವು. ಒಳಗೆ ಏನಿದೆ ಅಂತ ಅಂದಾಜು ಇದೆ, ಆದರೂ ಬೆರಳು ಒಂದು ಗಳಿಗೆ ತಡೆಯುತ್ತದೆ. ತಿರುಗಿಸಿದರೆ ಪುಟ ತುಂಬ ಒಂದೇ ಚಿತ್ರ. ಮನುಷ್ಯನ ಮೈ ತೊಟ್ಟಿಯೊಳಗೆ ಸುರುಳಿಯಾಗಿ ಸುತ್ತಿಕೊಂಡಿದೆ.

ಆ ಚಿತ್ರವನ್ನು ಎಷ್ಟು ಹೊತ್ತು ನೋಡಬೇಕು ಅನ್ನೋದೂ ನಮ್ಮ ಕೈಯಲ್ಲೇ ಇದೆ. ನೋಡಲಾಗದೆ ಬೇಗ ದಾಟಬಹುದು. ಇಲ್ಲವೇ ಗೆರೆ ಗೆರೆ ಹುಡುಕುತ್ತಾ ಅಲ್ಲೇ ಸಿಕ್ಕಿಕೊಳ್ಳಬಹುದು, ಆ ತಂದೆ ಬಸವನಹುಳುವಿನ ಮುಂದೆ ಸಿಕ್ಕಿಕೊಂಡ ಹಾಗೆ. ಇದು ಪುಸ್ತಕಕ್ಕೆ ಮಾತ್ರ ಇರುವ ಶಕ್ತಿ. ಟಿವಿಯಲ್ಲಿ ಸಮಯದ ಹಗ್ಗ ನಿರ್ದೇಶಕನ ಕೈಯಲ್ಲಿರುತ್ತದೆ. ನಾವು ತಡೆಯಲು ಆಗುವುದಿಲ್ಲ. ಹಾಗಾಗಿ ಆ ತಡೆಯನ್ನು ನಿರ್ದೇಶಕನೇ ಕಟ್ಟಿಕೊಡಬೇಕು. ಮುಚ್ಚಳದ ಮೇಲೆ ಕೈ ಇಟ್ಟ ಕ್ಷಣವನ್ನು ಎಳೆಯಬೇಕು. ಚಿತ್ರ ಬಂದ ಮೇಲೆ ಕಣ್ಣು ಅದರಲ್ಲಿ ಮುಳುಗುವಷ್ಟು ಹೊತ್ತು ಬಿಡಬೇಕು. ಮೊದಲ ಕಂತಿನಲ್ಲಿ ಆ ಚಿತ್ರ ಸುಂದರವಾಗಿ ಬಂದಿದೆ, ಮೂಲಕ್ಕೆ ನಿಷ್ಠೆಯಿಂದ ಬಂದಿದೆ. ಆದರೆ ಅದರ ಹಿಂದೆಯೇ ಮುಂದಿನದು ಬಾಗಿಲು ಬಡಿಯುತ್ತಿರುತ್ತದೆ. ಕಣ್ಣಿಗೆ ಅದು ತಲುಪುತ್ತದೆ, ಮೈಗೆ ಇಳಿಯುವುದಿಲ್ಲ.

ಹಾಗಂತ ನಾಗಾಹಾಮಾ ಅವರಿಗೆ ಇದು ಗೊತ್ತಿಲ್ಲದ ವಿದ್ಯೆ ಅಲ್ಲ. 2005ರಲ್ಲಿ ಯುಕಿ ಉರುಶಿಬಾರಾ ಅವರ ಮಾಂಗಾ ‘ಮುಶಿಶಿ’ಯನ್ನು ಟಿವಿಗೆ ತಂದವರು ಅವರೇ. 26 ಕಂತು, ಹೆಚ್ಚು ಕಡಿಮೆ ಒಂದು ಕಂತಿಗೆ ಒಂದು ಕಥೆ. ಗಾಳಿ ಬೀಸುವುದಕ್ಕೂ ಸಮಯ ಇದೆ, ಮಂಜು ಇಳಿಯುವುದಕ್ಕೂ ಸಮಯ ಇದೆ. ಮಾಂಗಾವನ್ನು ಅನಿಮೇಷನ್‌ಗೆ ತರುವುದು ಹೇಗೆ ಅಂತ ಕೇಳಿದವರಿಗೆ ನಾನು ಇವತ್ತಿಗೂ ಅದನ್ನೇ ತೋರಿಸುತ್ತೇನೆ. ಅದೇ ನಿರ್ದೇಶಕರಿಗೆ ‘ಉಜುಮಾಕಿ’ಯ ಒಂದು ಅಧ್ಯಾಯಕ್ಕೆ ಒಂದು ಕಂತು ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಸಂಕಟವಾಗುತ್ತದೆ. ವಿದ್ಯೆ ಇತ್ತು, ಜಾಗ ಇರಲಿಲ್ಲ.

ಈಗ ಚಿತ್ರದ ವಿಷಯ. ಎರಡನೇ ಕಂತಿನಿಂದ ಏನಾಯಿತು ಅನ್ನೋದರ ಪೂರ್ತಿ ಕಥೆ ಹೊರಗೆ ಬಂದಿಲ್ಲ. ಕಾರ್ಯನಿರ್ವಾಹಕ ನಿರ್ಮಾಪಕ ಜೇಸನ್ ಡಿಮಾರ್ಕೊ ಎರಡನೇ ಕಂತು ಪ್ರಸಾರವಾದ ಮೇಲೆ ಸಾರ್ವಜನಿಕವಾಗಿ ಒಂದಿಷ್ಟು ಹೇಳಿದರು. ತಯಾರಿಯ ಮಧ್ಯೆ ದೊಡ್ಡ ತೊಂದರೆಯಾಯಿತು, ಅದರ ವಿವರ ಹೇಳುವ ಹಾಗಿಲ್ಲ ಅಂದರು. ತಮ್ಮ ಮುಂದೆ ಇದ್ದದ್ದು ಮೂರು ದಾರಿ: ಎಲ್ಲವನ್ನೂ ಕೈಬಿಡುವುದು, ಮೊದಲ ಕಂತನ್ನು ಮಾತ್ರ ಕೊಟ್ಟು ಅರ್ಧಕ್ಕೆ ನಿಲ್ಲಿಸುವುದು, ಅಥವಾ ಕೊರತೆಗಳ ಸಮೇತ ನಾಲ್ಕನ್ನೂ ಕೊಡುವುದು. ದುಡಿದವರ ಮೇಲಿನ ಗೌರವದಿಂದ ಮೂರನೆಯದನ್ನು ಆರಿಸಿದೆವು ಅಂದರು. ಆ ನಿರ್ಧಾರ ಸರಿ ಅಂತಲೇ ನನಗನ್ನಿಸುತ್ತದೆ. ವರ್ಷಗಟ್ಟಲೆ ಗೆರೆ ಎಳೆದವರ ಕೆಲಸವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವುದಕ್ಕಿಂತ ಅದು ಎಷ್ಟೋ ಮೇಲು.

ಆದರೆ ಈ ಕೆಲಸ ಎಷ್ಟು ಕಷ್ಟದ್ದು ಅನ್ನೋದು ಗೊತ್ತಿದ್ದರೆ ಎರಡನೇ ಕಂತನ್ನು ನೋಡಿ ನಗುವ ಮನಸ್ಸಾಗುವುದಿಲ್ಲ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಟಿವಿ ಅನಿಮೇಷನ್‌ನಲ್ಲಿ ಅಷ್ಟೂ ಫ್ರೇಮಿಗೆ ಹೊಸ ಚಿತ್ರ ಬರೆಯುವುದಿಲ್ಲ. ಒಂದೇ ಚಿತ್ರವನ್ನು ಎರಡು ಮೂರು ಫ್ರೇಮ್ ಇಡುತ್ತಾರೆ. ಆದರೂ ಒಂದು ಕಂತಿಗೆ ಸಾವಿರಾರು ಚಿತ್ರ ಬೇಕು. ಅದಕ್ಕೇ ಟಿವಿಗೆ ಬರುವ ಪಾತ್ರಗಳನ್ನು ಸರಳ ಮಾಡುತ್ತಾರೆ. ಗೆರೆ ಕಡಿಮೆ ಇದ್ದಷ್ಟೂ ಕೆಲಸ ಬೇಗ ಸಾಗುತ್ತದೆ. ಇಟೊ ಅವರ ಚಿತ್ರ ಇದಕ್ಕೆ ಪೂರ್ತಿ ಉಲ್ಟಾ. ಒಂದು ಕೆನ್ನೆಯ ನೆರಳಿಗೆ ಹತ್ತಾರು ಸಣ್ಣ ಗೆರೆ. ಒಂದು ಕೂದಲಿನ ಸುರುಳಿಗೆ ಇನ್ನಷ್ಟು. ಅಂಥ ಮುಖ ಈ ಕಡೆಯಿಂದ ಆ ಕಡೆಗೆ ತಿರುಗಬೇಕಾದರೆ ಅಷ್ಟೂ ಗೆರೆಗಳು ಒಟ್ಟಿಗೆ ಸರಿಯಾಗಿ ತಿರುಗಬೇಕು. ಒಂದೆರಡು ತಪ್ಪಿದರೂ ಮುಖ ನಡುಗಿದ ಹಾಗೆ ಕಾಣುತ್ತದೆ. ಮೊದಲ ಕಂತಿನವರು ಇದನ್ನು ಸಾಧಿಸಿದರು. ಅದೇ ಒಂದು ಪವಾಡ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮುಂದಿನ ಕಂತುಗಳಲ್ಲಿ ಚಲನೆ ಕಡಿಮೆಯಾಯಿತು, ಅದಕ್ಕೇ ಹಾಳಾಯಿತು ಅಂತ ತುಂಬಾ ಜನ ಹೇಳುತ್ತಾರೆ. ಚಲನೆ ಕಡಿಮೆ ಇರುವುದು ದೋಷವೇ ಅಲ್ಲ. 1963ರಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಟಿವಿಗೆ ಬಂದಾಗಿನಿಂದ ಜಪಾನಿನ ಅನಿಮೇಷನ್ ಕಡಿಮೆ ಚಿತ್ರಗಳಲ್ಲಿ ಜಾಸ್ತಿ ಹೇಳುವುದನ್ನೇ ಕಲಿತುಕೊಂಡು ಬಂದಿದೆ. ಭಯದ ಕಥೆಗಂತೂ ಸ್ತಬ್ಧತೆ ವರ. ಕದಲದ ಮುಖ, ಖಾಲಿ ಓಣಿ, ದೂರದಲ್ಲಿ ನಿಂತ ಆಕೃತಿ, ಇವಕ್ಕೆ ಹೆಚ್ಚು ಚಿತ್ರ ಬೇಡ, ಧೈರ್ಯ ಬೇಕು. ‘ಉಜುಮಾಕಿ’ಯ ಮುಂದಿನ ಕಂತುಗಳು ಸ್ತಬ್ಧವಾಗಿದ್ದಿದ್ದರೆ ಬದುಕಿಕೊಳ್ಳುತ್ತಿದ್ದವು. ಅವು ಓಡಿದವು. ಜನ ಓಡುತ್ತಾರೆ, ಜಗಳವಾಡುತ್ತಾರೆ, ಕೂದಲು ಕೂದಲು ಹೊಡೆದಾಡುತ್ತವೆ, ಬಿರುಗಾಳಿ ಬೀಸುತ್ತದೆ. ನಾಲ್ಕೂವರೆ ನಿಮಿಷದಲ್ಲಿ ಒಂದು ಅಧ್ಯಾಯ ಮುಗಿಯಬೇಕಾದರೆ ಘಟನೆಗಳಷ್ಟೇ ಉಳಿಯುತ್ತವೆ. ಘಟನೆ ಅಂದರೆ ಓಡಾಟ. ಓಡಾಟವೇ ಬರೆಯಲು ಅತಿ ಕಷ್ಟದ್ದು. ಹೀಗೆ ಕಥೆಯ ಯೋಜನೆ ತಾನೇ ಕಲಾವಿದರ ಮೇಲೆ ಅತಿ ಭಾರದ ಕೆಲಸ ಹೇರಿತು, ಅದೂ ಅವರ ಬಳಿ ಸಮಯವೂ ಕೈಗಳೂ ಕಡಿಮೆಯಾದ ಹೊತ್ತಿನಲ್ಲಿ. ಸಮಯದ ಕೊರತೆ ಮತ್ತು ಚಿತ್ರದ ಕೊರತೆ ಎರಡು ಬೇರೆ ಕಾಯಿಲೆ ಅಲ್ಲ. ಮೊದಲನೆಯದು ಎರಡನೆಯದನ್ನು ಇನ್ನಷ್ಟು ಉಲ್ಬಣ ಮಾಡಿತು.

ಸ್ಟೆಟ್ಸನ್ ಅವರ ಸಂಗೀತಕ್ಕೆ ಮಾತ್ರ ಈ ಯಾವ ದೂರೂ ತಟ್ಟುವುದಿಲ್ಲ. ಅವರು ಸ್ಯಾಕ್ಸೊಫೋನ್‌ನಲ್ಲಿ ಉಸಿರು ನಿಲ್ಲಿಸದೆ ಸುತ್ತು ಸುತ್ತಾಗಿ ನುಡಿಸುವ ವಿಧಾನಕ್ಕೆ ಹೆಸರಾದವರು. ಸ್ವರ ಮುಗಿಯುವುದೇ ಇಲ್ಲ, ತನ್ನ ಮೇಲೇ ಸುತ್ತಿಕೊಳ್ಳುತ್ತದೆ. ಈ ಕಥೆಗೆ ಬೇರೆ ಯಾರನ್ನೂ ಊಹಿಸಿಕೊಳ್ಳಲು ಆಗುವುದಿಲ್ಲ. ಚಿತ್ರ ಸೋತ ಕಡೆಯಲ್ಲೂ ಸದ್ದು ಹೆದರಿಸುತ್ತದೆ. ಮಾಂಗಾಗೆ ಸದ್ದಿಲ್ಲ, ಹಾಗಾಗಿ ರೂಪಾಂತರ ತನ್ನದೇ ಅಂತ ಸೇರಿಸಬಹುದಾದ ದೊಡ್ಡ ಸಂಗತಿ ಅದೇ. ಅದನ್ನು ಅವರು ಸೇರಿಸಿದರು.

ಹಾಗಾದರೆ ಒಂದೂವರೆ ಗಂಟೆಯಲ್ಲಿ ‘ಉಜುಮಾಕಿ’ ಆಗುವುದೇ ಇಲ್ಲವಾ? ಆಗುತ್ತದೆ, ಬಿಡಲು ತಯಾರಿದ್ದರೆ. 2000ನೇ ಇಸವಿಯಲ್ಲಿ ಹಿಗುಚಿನ್ಸ್ಕಿ ನಿರ್ದೇಶನದಲ್ಲಿ ನಟರನ್ನಿಟ್ಟು ಮಾಡಿದ ಚಿತ್ರ ಬಂದಿತ್ತು. ಅದೂ ಸುಮಾರು ಒಂದೂವರೆ ಗಂಟೆಯದೇ. ಅದು ಕೆಲವೇ ಕಥೆಗಳನ್ನು ಎತ್ತಿಕೊಂಡಿತು. ಊರು ಕುಸಿದ ನಂತರದ ದೊಡ್ಡ ಭಾಗವನ್ನು ಬಿಟ್ಟು ಬೇರೆ ಕೊನೆ ಕಟ್ಟಿಕೊಂಡಿತು. ಅದು ಪೂರ್ಣ ಗೆದ್ದ ಚಿತ್ರ ಅಂತ ಹೇಳಲಾರೆ. ಆದರೆ ಅದಕ್ಕೆ ತನ್ನದೇ ಒಂದು ಲಯ ಇದೆ, ಒಂದು ವಿಚಿತ್ರ ವಾಸನೆ ಇದೆ, ಅದು ನೆನಪಿನಲ್ಲಿ ಉಳಿಯುತ್ತದೆ.

ನನ್ನ ಕೈಗೆ ನಾಲ್ಕು ಕಂತು ಕೊಟ್ಟರೆ ಶುಇಚಿಯ ತಂದೆ ಮತ್ತು ತಾಯಿಯ ಎರಡು ಅಧ್ಯಾಯಕ್ಕೆ ಒಂದು ಪೂರ್ತಿ ಕಂತು ಇಡುತ್ತಿದ್ದೆ. ತಾಯಿಯ ಕಥೆಗೆ ಜಾಗ ಬೇಕೇ ಬೇಕು. ಗಂಡ ಹಾಗೆ ಸತ್ತ ಮೇಲೆ ಆಕೆ ಸುರುಳಿ ಕಂಡರೆ ಚೀರುತ್ತಾಳೆ. ಬೆರಳ ತುದಿಯಲ್ಲೂ ಸುರುಳಿ ಇದೆ ಅಂತ ಚರ್ಮ ಕತ್ತರಿಸಿಕೊಳ್ಳುತ್ತಾಳೆ. ಕಿವಿಯೊಳಗೂ ಒಂದಿದೆ ಅನ್ನೋದು ಆಕೆಗೆ ತಿಳಿಯದಿರಲಿ ಅಂತ ಮಗ ಆಸ್ಪತ್ರೆಯಲ್ಲಿ ಪರದಾಡುತ್ತಾನೆ. ಅಮ್ಮನಿಂದ ಒಂದು ಚಿತ್ರಪಟ ಮುಚ್ಚಿಡಲು ಹೆಣಗುವ ಮಗ! ಇಡೀ ಪುಸ್ತಕದಲ್ಲಿ ಪ್ರೀತಿ ಮತ್ತು ಭಯ ಇಷ್ಟು ಹತ್ತಿರ ಬಂದದ್ದು ಬೇರೆಲ್ಲೂ ಇಲ್ಲ. ಎರಡನೇ ಕಂತು ಬಸವನಹುಳುವಿಗೆ. ಉಳಿದ ಎರಡು ಊರು ಕುಸಿದ ಮೇಲಿನ ಕಥೆಗೆ. ಕೂದಲಿನ ಪೈಪೋಟಿ, ಸ್ಪ್ರಿಂಗ್ ಹುಡುಗ, ಲೈಟ್‌ಹೌಸ್, ಇವನ್ನು ಬೇಸರದಿಂದಲೇ ಬಿಡುತ್ತಿದ್ದೆ. ಓದುಗರು ಸಿಟ್ಟಾಗುತ್ತಿದ್ದರು. ನನ್ನ ಪಟ್ಟಿ ಎಲ್ಲರಿಗೂ ಒಪ್ಪಿಗೆ ಆಗಬೇಕಿಲ್ಲ, ಆಸ್ಪತ್ರೆಯ ಸೊಳ್ಳೆಗಳ ಕಥೆ ಬಿಟ್ಟದ್ದಕ್ಕೆ ಜಗಳಕ್ಕೆ ಬರುವವರೂ ಇರುತ್ತಾರೆ.

ಬಿಡುವುದೂ ಅಪಾಯದ ಕೆಲಸವೇ, ಅದನ್ನು ಒಪ್ಪಬೇಕು. ಇನ್ನೊಂದು ಮಾಂಗಾದಿಂದ ಬಂದ ಅನಿಮೇಷನ್ ಸರಣಿ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ನ ಮೊದಲ ಸೀಸನ್ 12 ಕಂತುಗಳಲ್ಲಿ 37 ಅಧ್ಯಾಯ ಹೇಳಿತ್ತು, ಎಲ್ಲರೂ ಹೊಗಳಿದ್ದರು. 2021ರ ಎರಡನೇ ಸೀಸನ್ 11 ಕಂತುಗಳಲ್ಲಿ ಉಳಿದ 140ಕ್ಕೂ ಹೆಚ್ಚು ಅಧ್ಯಾಯಗಳನ್ನು ಮುಗಿಸಲು ಹೊರಟಿತು. ಓದುಗರಿಗೆ ಅಚ್ಚುಮೆಚ್ಚಾದ ‘ಗೋಲ್ಡಿ ಪಾಂಡ್’ ಭಾಗವನ್ನೇ ಹಾರಿಸಿತು. ಕೊನೆಯಲ್ಲಿ ದೊಡ್ಡ ದೊಡ್ಡ ಘಟನೆಗಳನ್ನು ಬರೀ ಸ್ಥಿರಚಿತ್ರಗಳಲ್ಲಿ ತೋರಿಸಿ ಕೈತೊಳೆದುಕೊಂಡಿತು. ಅಲ್ಲಿ ಬಿಟ್ಟದ್ದು ಕಥೆಯ ಬೆನ್ನುಮೂಳೆ. ‘ಉಜುಮಾಕಿ’ಯ ಮೊದಲರ್ಧ ಬಿಡಿ ಕಥೆಗಳಿಂದ ಆದದ್ದು. ಅದರಲ್ಲಿ ಒಂದೆರಡು ತೆಗೆದರೆ ಕಟ್ಟಡ ಬೀಳುವುದಿಲ್ಲ. ಯಾವ ಕಥೆಯಲ್ಲಿ ಏನು ಬಿಡಬಹುದು ಅನ್ನೋದನ್ನು ಆ ಕಥೆಯ ರಚನೆಯೇ ಹೇಳುತ್ತದೆ, ಅಲ್ವಾ?

ಕೊನೆಯ ಕಂತಿನ ಬಗ್ಗೆ ಹೇಳದೆ ಮುಗಿಸಲಾಗದು, ಯಾಕೆಂದರೆ ಅತಿ ದೊಡ್ಡ ನಷ್ಟ ಆದದ್ದು ಅಲ್ಲಿ. ಬಿರುಗಾಳಿಗಳು ಊರನ್ನು ನೆಲಸಮ ಮಾಡಿದ ಮೇಲೆ ಹಳೆಯ ಸಾಲುಮನೆಗಳು ಮಾತ್ರ ಉಳಿಯುತ್ತವೆ. ಜನ ಅವುಗಳೊಳಗೆ ತುಂಬಿಕೊಳ್ಳುತ್ತಾರೆ. ಜಾಗ ಸಾಲದೆ ಮನೆಗೆ ಮನೆ ಸೇರಿಸುತ್ತಾ ಹೋಗುತ್ತಾರೆ. ಒಳಗೆ ಕೈಕಾಲುಗಳು ಒಂದಕ್ಕೊಂದು ಹೆಣೆದುಕೊಳ್ಳತೊಡಗುತ್ತವೆ. ಕಿರಿಯೆ, ಶುಇಚಿ ಮತ್ತಿತರರು ಬೆಟ್ಟದ ಕಡೆ ತಪ್ಪಿಸಿಕೊಂಡು ಹೋಗುತ್ತಾರೆ. ಕಾಡಿನಲ್ಲಿ ಅಲೆದು ಅಲೆದು ಮತ್ತೆ ಅದೇ ಊರಿಗೆ ಬಂದು ನಿಲ್ಲುತ್ತಾರೆ. ನೋಡಿದರೆ ಸಾಲುಮನೆಗಳು ಇಡೀ ಊರನ್ನು ಸುತ್ತಿ ಒಂದೇ ದೊಡ್ಡ ಸುರುಳಿಯಾಗಿವೆ. ತಮಗೆ ಕೆಲವು ದಿನ ಅನ್ನಿಸಿದ್ದು ಇಲ್ಲಿ ವರ್ಷಗಳಾಗಿವೆ. ಸುರುಳಿ ಕಾಲವನ್ನೂ ತಿರುಚಿಬಿಟ್ಟಿದೆ.

ಪುಸ್ತಕದಲ್ಲಿ ಇದನ್ನು ಓದಿದಾಗ ತಲೆ ಗಿರ್ರೆನ್ನುತ್ತದೆ. 500 ಪುಟಗಳಿಂದ ಆ ಊರಿನಲ್ಲಿ ವಾಸ ಮಾಡಿದವರು ನಾವು. ಅದರ ಓಣಿ, ಕೊಳ, ಶಾಲೆ ಎಲ್ಲ ಗೊತ್ತು. ಅದು ಗುರುತು ಸಿಗದ ಹಾಗೆ ಬದಲಾಗಿದ್ದು ಕಂಡಾಗ ನಮ್ಮದೇ ವರ್ಷಗಳು ಕಳೆದುಹೋದ ಹಾಗೆ ಆಗುತ್ತದೆ. ಸರಣಿಯಲ್ಲಿ ಆ ಹೊತ್ತಿಗೆ ನಾವು ಊರಿಗೆ ಬಂದು ಒಂದು ಗಂಟೆ ಚಿಲ್ಲರೆ ಆಗಿರುತ್ತದೆ, ಅದೂ ಓಡುತ್ತಾ ಬಂದದ್ದು. ವರ್ಷಗಳು ಕಳೆದವು ಅಂತ ಮಾತಿನಲ್ಲಿ ಕೇಳುತ್ತೇವೆ, ಒಪ್ಪಿಕೊಳ್ಳುತ್ತೇವೆ, ಮುಂದಿನ ದೃಶ್ಯಕ್ಕೆ ಹೋಗುತ್ತೇವೆ. ಕಿರಿಯೆ ಮತ್ತು ಶುಇಚಿ ನೆಲದಾಳದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಸುರುಳಿಯಲ್ಲಿ ಸೇರಿಹೋಗುವ ಕೊನೆ ದೃಶ್ಯ ಪುಸ್ತಕದಲ್ಲಿ ಭಯಂಕರವೂ ಹೌದು, ವಿಚಿತ್ರವಾದ ಸಮಾಧಾನವೂ ಹೌದು. ಇಷ್ಟು ದೂರ ಜೊತೆಯಾಗಿ ನಡೆದು ದಣಿದ ಇಬ್ಬರು ಅವರು. ಆ ದಣಿವು ನಮಗೂ ಆಗಿದ್ದರೆ ಮಾತ್ರ ಆ ಸಮಾಧಾನ ತಾಗುತ್ತದೆ.

ಇನ್ನೂ ನೋಡದವರು, ಓದದವರು ಇದ್ದರೆ ನನ್ನ ಸಲಹೆ ಇಷ್ಟು. ಪುಸ್ತಕ ಮೊದಲು ಓದಿ. ದಿನಕ್ಕೆ ಒಂದು ಅಧ್ಯಾಯ ಸಾಕು, ಒಂದೇ ಕೂತಲ್ಲಿ ಮುಗಿಸಬೇಡಿ. ಆಮೇಲೆ ಸರಣಿಯ ಮೊದಲ ಕಂತು ಹಾಕಿ, ಕತ್ತಲ ಕೋಣೆಯಲ್ಲಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ತೊಟ್ಟಿಯ ದೃಶ್ಯ ಬಂದಾಗ ಬೇಕಾದರೆ ಪಾಜ್ ಒತ್ತಿ ಸ್ವಲ್ಪ ಹೊತ್ತು ಆ ಗೆರೆಗಳನ್ನೇ ನೋಡಿ.